ಮಿಶ್ರಿ, ಒಂದು ಇಲಿ ಮತ್ತು ಸುಲಾಬಾಯಿಯ ಗೋಡೆ

ಹೋದ ತಿಂಗಳು ಒಂದು ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿಯಲ್ಲಿ ವಾಕಿಂಗಿಗೆ ಹೊರಟಿದ್ದೆ. ವಾಕಿಂಗ್ ಎಂದ ಕೂಡಲೇ ನೀವು ದೊಡ್ಡದೇನನ್ನೂ ಊಹಿಸಿಕೊಳ್ಳಬೇಡಿ. ಮನೆಯಿಂದ ರೈಲ್ವೆ ಗೇಟಿನ ತನಕ ಹೋಗುವುದು, ಗೇಟು ಹಾಕಿದ್ದರೆ ಅದನ್ನೇ ನೆಪ ಮಾಡಿಕೊಂಡು ತಿರುಗಿ ಬರುವುದು, ಬಂದು ಎರಡು ಇಡ್ಲಿ ಹೆಚ್ಚಿಗೆ ತಿನ್ನುವುದು, ಇಷ್ಟೇ ನನ್ನ ವ್ಯಾಯಾಮ. ಅವತ್ತು ನನ್ನ ದುರ್ದೈವಕ್ಕೆ ಗೇಟು ತೆರೆದಿತ್ತು. ದಾಟಿ ಮುಂದೆ ಹೋದೆ. ಹೊಸ ಅಪಾರ್ಟ್‌ಮೆಂಟು ಏಳುತ್ತಿರುವ ಜಾಗದಲ್ಲಿ ವಾಚ್‌ಮನ್ನನ ಹೆಂಡತಿ ಇಟ್ಟಿಗೆಯ ಒಲೆ ಹೂಡಿ, ಮೇಲೆ ಹಂಚಿಟ್ಟು ಏನನ್ನೋ ಹುರಿಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾವಾಗಿಯೇ ನಿಂತವು. ಹಿಂದಿನಿಂದ ಬರುತ್ತಿದ್ದ ಹಾಲಿನ ಸೈಕಲ್ಲಿನವನು "ಬಾಜು ಸರೀರಿ ಅಕ್ಕಾರ" ಎಂದು ಕೂಗಿದ ಮೇಲೇ ಎಚ್ಚರ.

ಅದು ಮಿಶ್ರಿಯ ವಾಸನೆ. ಕಲ್ಲುಸಕ್ಕರೆಯ ಮಿಶ್ರಿ ಅಲ್ಲ. ನಮ್ಮ ಕಡೆಯ ಹೆಂಗಸರ ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ತಗಡಿನ ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಅದರಿಂದ ಹಲ್ಲು ತಿಕ್ಕುತ್ತಾರೆ. ತಿಕ್ಕುವುದು ಎಂದರೆ ತಿಕ್ಕಿ ತೊಳೆದು ಏಳುವುದಲ್ಲ. ಒಸಡಿಗೆ ಹಚ್ಚಿಕೊಂಡು, ತೋರುಬೆರಳನ್ನು ಬಾಯಲ್ಲಿ ಆಡಿಸುತ್ತ, ಮಧ್ಯೆ ಮಧ್ಯೆ ಉಗುಳುತ್ತ, ಊರಿನ ಸಮಾಚಾರವನ್ನೆಲ್ಲ ಮುಗಿಸಿ, ಬಿಸಿಲು ಅಂಗಳಕ್ಕೆ ಬಂದ ಮೇಲೆ ಬಾಯಿ ಮುಕ್ಕಳಿಸುವುದು. ಅದರಲ್ಲಿ ತಂಬಾಕಿದೆ ಎಂದು ಎಲ್ಲರಿಗೂ ಗೊತ್ತು. ಅದು ತಂಬಾಕು ಎಂದು ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ಚಿಕ್ಕವಳಿದ್ದಾಗ ನನ್ನ ಹಾಲುಹಲ್ಲು ಅಲ್ಲಾಡುತ್ತಿದ್ದಾಗ ನೋವಿಗೆ ಒಳ್ಳೆಯದೆಂದು ನನಗೂ ಒಂದು ಚಿಟಿಕೆ ಹಚ್ಚಿದ್ದರು. ಹಲ್ಲು ಅಲ್ಲೇ ಉಳಿಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ಹಚ್ಚಿದವಳು ನಮ್ಮ ಶಾಂತಾ ಕಾಕು, ನನ್ನಪ್ಪನ ತಮ್ಮನ ಹೆಂಡತಿ. ಕಾಕಾ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮಕ್ಕಳಿಲ್ಲದ ದಂಪತಿ. ಹಾಗಾಗಿ ನಾನು ರಜೆ ಬಿದ್ದ ಮರುದಿನವೇ ಅಲ್ಲಿ. ಅವರ ಮನೆಯಲ್ಲಿ ನನಗೆ ಪ್ರಿಯವಾದ ಜಾಗ ಹಿತ್ತಲು. ಅಲ್ಲೊಂದು ಬಟ್ಟೆ ಒಗೆಯುವ ಕಲ್ಲು, ನೀರೊಲೆಯ ಹೊಗೆ ಹಿಡಿದು ಕರ್ರಗಾದ ಗೋಡೆ, ಆಚೆ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಒಂದು ಮೋಟುಗೋಡೆ. ಆಚೆ ಮನೆ ಸುಲಾಬಾಯಿಯದು, ನನಗೆ ಮಾವಶಿ, ಅಂದರೆ ಚಿಕ್ಕಮ್ಮನಿದ್ದಂತೆ. ಆಕೆಯ ಮನೆಮಾತು ಮರಾಠಿ, ನಮ್ಮದು ಕನ್ನಡ. ಇಬ್ಬರೂ ಅವರವರ ಭಾಷೆಯಲ್ಲಿ ಸುರು ಮಾಡಿ, ಜಗಳದ ಮಾತು ಬಂದಾಗ ಇನ್ನೊಬ್ಬರ ಭಾಷೆಗೆ ಹೊರಳುತ್ತಿದ್ದರು. ಬೈಯುವುದು ಸರಿಯಾಗಿ ಮುಟ್ಟಬೇಕಲ್ಲ.

ದಿನಾ ಬೆಳಿಗ್ಗೆ ಕಾಕು ಆ ಕಲ್ಲಿನ ಮೇಲೆ ಕೂಡುತ್ತಿದ್ದಳು. ಸುಲಾಬಾಯಿ ಆಚೆಯಿಂದ ಬಂದು ಮೋಟುಗೋಡೆಗೆ ಒರಗುತ್ತಿದ್ದಳು. ಯಾರು ಡಬ್ಬಿ ತಂದಿದ್ದರೋ ಅವರು ಮೊದಲು ಇನ್ನೊಬ್ಬಳ ಅಂಗೈಗೆ ಸುರುವಿ, ಆಮೇಲೆ ತಮ್ಮ ಅಂಗೈಗೆ. ಇದು ಅವರಿಬ್ಬರ ನಡುವಿನ ಕಟ್ಟಳೆ. ಕಾಕುವಿನ ಬಾಯಿಗೆ ಮಿಶ್ರಿ ಬೀಳದೆ ಅವಳ ಮುಖದ ಗಂಟು ಬಿಚ್ಚುತ್ತಿರಲಿಲ್ಲ. ಕಾಕಾ ಕೂಡ ಅಷ್ಟು ಹೊತ್ತು ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. "ಅಲ್ಲಿ ಕೋರ್ಟ್ ನಡದೈತಿ" ಎನ್ನುತ್ತಿದ್ದರು.

ಇನ್ನು ಇಲಿಯ ಕಥೆಗೆ ಬರುತ್ತೇನೆ. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಓದುತ್ತಿದ್ದಾಗ ಥೀಸಿಸ್ಸಿಗೆ ನನಗೆ ಸಿಕ್ಕ ವಿಷಯ ಚಟ. ಮೆದುಳನ್ನು ಕೆರಳಿಸುವ ಪದಾರ್ಥಗಳನ್ನು ಪ್ರಾಣಿ ಯಾಕೆ ಹುಡುಕಿಕೊಂಡು ಹೋಗುತ್ತದೆ, ಬಿಟ್ಟ ಮೇಲೂ ಯಾಕೆ ಮತ್ತೆ ಹೋಗುತ್ತದೆ, ಇದನ್ನು ನೋಡಬೇಕಿತ್ತು. ನನ್ನ ಪಾಲಿಗೆ ಬಂದ ಪದಾರ್ಥ ನಿಕೋಟಿನ್, ಅಂದರೆ ತಂಬಾಕಿನ ಸತ್ವ. ಮನೆಯಲ್ಲಿ ಅಪ್ಪ ಯಾರಾದರೂ ಕೇಳಿದರೆ "ಮಗಳು ಮೆದುಳಿನ ಮ್ಯಾಲೆ ಸಂಶೋಧನಾ ಮಾಡಾಕತ್ತಾಳ" ಎನ್ನುತ್ತಿದ್ದರು. ಇಲಿಯ ಹಿಕ್ಕೆ ಬಳಿಯುತ್ತಾಳೆ ಎಂದು ಹೇಳಿದರೆ ವರ ಸಿಗುವುದು ಕಷ್ಟ ಎಂಬ ಭಯವಿತ್ತು.

ಪ್ರಯೋಗ ಸುಲಭ. ಎರಡು ಕೋಣೆಗಳ ಒಂದು ಪೆಟ್ಟಿಗೆ. ಒಂದು ಕೋಣೆ ಕಪ್ಪು, ಇನ್ನೊಂದು ಬಿಳಿ. ನಡುವೆ ಎತ್ತಿ ಇಳಿಸುವ ಬಾಗಿಲು. ಇಲಿಗೆ ಹುಟ್ಟಿನಿಂದಲೇ ಕತ್ತಲೆ ಇಷ್ಟ, ಬಾಗಿಲು ತೆರೆದರೆ ಕಪ್ಪು ಕೋಣೆಗೇ ಓಡುತ್ತದೆ. ಈಗ ಒಂದು ದಿನ ನಿಕೋಟಿನ್ ಚುಚ್ಚಿ ಬಿಳಿ ಕೋಣೆಯಲ್ಲಿ ಬಿಡುವುದು, ಮರುದಿನ ಬರೀ ಉಪ್ಪುನೀರು ಚುಚ್ಚಿ ಕಪ್ಪು ಕೋಣೆಯಲ್ಲಿ ಬಿಡುವುದು. ಹೀಗೆ ಕೆಲವು ದಿನ ಮಾಡಿ, ಆಮೇಲೆ ಏನೂ ಚುಚ್ಚದೆ ಬಾಗಿಲು ತೆರೆದಿಟ್ಟರೆ, ಇಲಿ ತನ್ನ ಹುಟ್ಟುಗುಣವನ್ನೇ ಬಿಟ್ಟು ಬೆಳಕಿನ ಕೋಣೆಗೆ ಹೋಗಿ ಕೂಡುತ್ತದೆ. ಮೊದಲ ಸಲ ಅದನ್ನು ಕಣ್ಣಾರೆ ಕಂಡಾಗ ಬಾಗಿಲು ಇಳಿಸುವುದನ್ನೇ ಮರೆತೆ. ಬೆಳಕಿಗೆ ಹೆದರಿ ನಡುಗುವ ಪ್ರಾಣಿ, ಬೆಳಕಿನಲ್ಲಿ ಹೋಗಿ ಮೂಲೆ ಮೂಸುತ್ತ ಕಾಯುತ್ತದೆ. ಅಲ್ಲಿ ಏನೂ ಇಲ್ಲ, ಆದರೂ ಕಾಯುತ್ತದೆ.

ನನ್ನ ಇಲಿಗಳಲ್ಲಿ ಒಂದಕ್ಕೆ ಮಾಸ್ತರ ಎಂದು ಹೆಸರಿಟ್ಟಿದ್ದೆ. ಮೀಸೆ ತಿರುವುತ್ತ ನನ್ನನ್ನೇ ಪರೀಕ್ಷೆ ಮಾಡುವವನಂತೆ ನೋಡುತ್ತಿತ್ತು. ಹೆಸರಿಡಬಾರದು ಎಂದು ಗೈಡ್ ಸರ್ ಮೊದಲೇ ಹೇಳಿದ್ದರು. ಯಾಕೆಂದು ಪ್ರಯೋಗ ಮುಗಿದು ನಿಯಮದ ಪ್ರಕಾರ ಇಲಿಗಳನ್ನೂ ಮುಗಿಸಬೇಕಾದ ದಿನ ತಿಳಿಯಿತು. ಆ ದಿನದ ಬಗ್ಗೆ ಬರೆಯುವುದಿಲ್ಲ.

ಎರಡನೆಯ ಹಂತ, ಚಟ ಬಿಡಿಸುವುದು. ಎರಡೂ ಕೋಣೆಯಲ್ಲಿ ಬರೀ ಉಪ್ಪುನೀರು, ದಿನಾ ಅದೇ. ನಿಧಾನಕ್ಕೆ ಮಾಸ್ತರನಿಗೆ ಬಿಳಿ ಕೋಣೆಯ ಆಸೆ ಹೋಯಿತು. ಬಾಗಿಲು ತೆರೆದರೆ ಕಪ್ಪು ಕೋಣೆಯಲ್ಲಿ ಆರಾಮಾಗಿ ಮಲಗುತ್ತಿತ್ತು. ಚಟ ಬಿಟ್ಟಿತು ಎಂದು ನಾವೆಲ್ಲ ಖುಷಿಪಟ್ಟೆವು.

ಅದೇ ಹೊತ್ತಿಗೆ ಖಾನಾಪುರದಿಂದ ಕಾಕು ಬಂದಳು. ಮೆಣಸಿನಕಾಯಿ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟದವಳು, ಬರೀ ಹಾಲು ರೊಟ್ಟಿ ತಿನ್ನುವಂತಾಗಿದ್ದಳು. ಬಾಯಿ ಉರಿ. ಕೆನ್ನೆಯ ಒಳಗೆ ಸುಣ್ಣ ಬಳಿದಂತೆ ಒಂದು ಬಿಳಿ ಕಲೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನನಗೆ ಪರಿಚಯವಿದ್ದ ತರುಣ ಡಾಕ್ಟರು.

"ತಂಬಾಕು ತಿನ್ನೂ ಚಟ ಐತೇನ್ರಿ?"

"ಶಿವ ಶಿವಾ! ತಂಬಾಕು ಮುಟ್ಟೂ ಮನಿತನ ಅಲ್ರೀ ನಮ್ಮದು."

"ಗುಟಖಾ? ಎಲಿ ಅಡಕಿ?"

"ಎಲಿ ಅಡಕಿ ಹಬ್ಬಕ್ಕೊಮ್ಮಿ. ಅದೂ ಯಾರರ ಕೊಟ್ರ."

ನಾನು ಪಕ್ಕದಲ್ಲಿ ಕೂತು ಹೌದು ಹೌದು ಎಂದು ತಲೆ ಆಡಿಸುತ್ತಿದ್ದೆ. ಡಾಕ್ಟರು ಟಾರ್ಚು ಹಾಕಿ ಮತ್ತೊಮ್ಮೆ ಬಾಯಿ ನೋಡಿದರು.

"ಹಲ್ಲಿಗೆ ಏನ್ ಹಚ್ಚತೀರಿ?"

"ಮಿಶ್ರಿ. ಅಂಗಡ್ಯಾಂದಲ್ರಿ ಮತ್ತ, ಮನ್ಯಾಗ ನಾನ ಹುರೀತೇನಿ" ಎಂದು ಕಾಕು ಹೆಮ್ಮೆಯಿಂದ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಕಾಕುವನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನೀವು ನಿಕೋಟಿನ್ ಮ್ಯಾಲೇ ಅಲ್ಲೇನ್ರಿ ಥೀಸಿಸ್ ಮಾಡಾಕತ್ತಿದ್ದು?" ಎಂದರು. ದಿನಾ ಇಲಿಗೆ ಚುಚ್ಚುವ ಪದಾರ್ಥವನ್ನು ನನ್ನ ಕಾಕು ದಿನಾ ಒಸಡಿಗೆ ತಿಕ್ಕುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಮ್ಮೆ ರುಚಿಯನ್ನೂ ನೋಡಿದ್ದೇನೆ, ಆದರೂ ಎರಡೂ ಒಂದೇ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ. ಮಿಶ್ರಿ ಹಲ್ಲು ತಿಕ್ಕುವ ಪುಡಿ, ನಿಕೋಟಿನ್ ಶೀಷೆಯಲ್ಲಿರುವ ವಿಷ. ಅಷ್ಟೇ ನನ್ನ ಪಾಂಡಿತ್ಯ.

ತುಣುಕು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಲ್ಲ, ಆದರೆ ಅದರ ಹೊಸ್ತಿಲಲ್ಲಿದೆ ಎಂದರು. ಇವತ್ತೇ ಬಿಟ್ಟರೆ ಕಲೆ ಮಾಯಬಹುದು. ಬಿಡದಿದ್ದರೆ ಕೆನ್ನೆ ಕೊಯ್ಯಬೇಕಾಗುತ್ತದೆ. ಕಾಕು ಎಲ್ಲ ಕೇಳಿಸಿಕೊಂಡು ಹೊರಗೆ ಬಂದ ಮೇಲೆ, "ತಂಗಿ, ಹಲ್ಲ ತಿಕ್ಕಿದ್ದಕ್ಕ ಯಾರರ ಸಾಯ್ತಾರೇನ?" ಎಂದಳು. ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಮೋಸ ಹೋದವರ ದಿಗಿಲಿತ್ತು.

ಕಾಕು ಟಿಳಕವಾಡಿಯ ನಮ್ಮ ಮನೆಯಲ್ಲೇ ಉಳಿದು ಮಿಶ್ರಿ ಬಿಟ್ಟಳು. ಮೊದಲ ವಾರ ನಾವೆಲ್ಲ ತಲೆ ತಗ್ಗಿಸಿ ಓಡಾಡಿದೆವು. ತಲೆನೋವು, ಸಿಟ್ಟು, ಮಲಬದ್ಧತೆ, ಮತ್ತೆ ಸಿಟ್ಟು. ಟೂತ್‌ಪೇಸ್ಟ್ ಕೊಟ್ಟರೆ, "ಈ ಸಿಹಿ ಬೆಣ್ಣೀಲೆ ತಿಕ್ಕಿದ್ರ ಇದ್ದ ಹಲ್ಲೂ ಹೊಕ್ಕಾವ" ಎಂದು ನನ್ನ ಅವ್ವನ ಮೇಲೆ ಎಗರಾಡಿದಳು. ಆಮೇಲೆ ಒಂದು ದಿನ ಎದ್ದು ಪೇಸ್ಟಿನಿಂದಲೇ ತಿಕ್ಕಿ, ಚಹಾ ಕುಡಿದು, ಪಡಸಾಲೆಯಲ್ಲಿ ಕೂತು ಹೂ ಕಟ್ಟಿದಳು. ಬೇಕು ಅನ್ನಿಸುತ್ತದೆಯೇ ಎಂದರೆ, "ಇಲ್ಲಿ ಏನೂ ಅನಸೂದಿಲ್ಲ ನೋಡು" ಎನ್ನುವಳು. ಬಾಯಿ ಉರಿ ಕಡಿಮೆಯಾಯಿತು. ಇನ್ನು ಖಾನಾಪುರಕ್ಕೆ ಹೋಗುತ್ತೇನೆ ಎಂದು ಗಂಟು ಕಟ್ಟಲು ಸುರು ಮಾಡಿದಳು. ಹೋಗುವ ಮೊದಲು ಒಂದು ಹಟ. "ಒಂದ್ಸಲಾ ನಿನ್ನ ಇಲಿ ತೋರಸ."

ಒಂದು ಭಾನುವಾರ ಗೈಡ್ ಸರ್ ಅವರ ಒಪ್ಪಿಗೆ ಪಡೆದು ಕರೆದೊಯ್ದೆ. ಸರ್ ಕೂಡ ಅಲ್ಲೇ ಇದ್ದರು. ಮಾಸ್ತರ ಕಪ್ಪು ಕೋಣೆಯಲ್ಲಿ ಮಲಗಿತ್ತು. ನಡುವಿನ ಬಾಗಿಲು ತೆರೆದೇ ಇತ್ತು. ಕಾಕು ಬಗ್ಗಿ ನೋಡಲು ಹೋಗಿ ಸೆರಗು ಸರಿಮಾಡಿಕೊಂಡಳು. ಅವಳ ಕೈತುಂಬ ಇದ್ದ ಹಸಿರು ಗಾಜಿನ ಬಳೆ ಝಲ್ಲೆಂದವು. ಮಾಸ್ತರ ತಟ್ಟನೆ ತಲೆ ಎತ್ತಿತು. ಎದ್ದು ನಿಂತಿತು. ಆಮೇಲೆ ಬಿಟ್ಟ ಬಾಣದಂತೆ ಬಿಳಿ ಕೋಣೆಗೆ ಓಡಿ, ಮೂಲೆ ಮೂಸುತ್ತ, ಗೋಡೆ ಕೆರೆಯುತ್ತ ಅಲ್ಲೇ ಸುತ್ತತೊಡಗಿತು.

ಸರ್ ಮತ್ತು ನಾನು ಪೆಟ್ಟಿಗೆಯ ಮೇಲೆ ಬಗ್ಗಿದೆವು. ಚಟ ಬಿಟ್ಟು ಎಷ್ಟೋ ದಿನವಾಗಿದ್ದ ಇಲಿ. ಏನಾಯಿತು? ಕಾಕು ಗಾಬರಿಯಿಂದ ಕೈ ಹಿಂದೆ ತೆಗೆದಳು, ಬಳೆ ಮತ್ತೆ ಸದ್ದಾದವು, ಇಲಿ ಇನ್ನಷ್ಟು ಚಡಪಡಿಸಿತು. ಆಗ ನನಗೆ ಹೊಳೆಯಿತು. ಪ್ರಯೋಗ ಸುರು ಮಾಡಿದಾಗ ನಮ್ಮ ಮನೆಯಲ್ಲಿ ಅಕ್ಕನ ಮದುವೆ. ಬಳೆಗಾರ ಬಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಹಸಿರು ಬಳೆ ಇಡಿಸಿದ್ದ. ಹಾಗೆ ಇಡಿಸಿದ ಬಳೆಯನ್ನು ತಾವಾಗಿ ತೆಗೆಯಬಾರದು, ಅಪಶಕುನ. ಆ ಬಳೆ ತೊಟ್ಟೇ ನಾನು ಲ್ಯಾಬಿಗೆ ಬರುತ್ತಿದ್ದೆ. ನಿಕೋಟಿನ್ ಚುಚ್ಚುವ ದಿನ ನನ್ನ ಪಾಳಿ, ಉಪ್ಪುನೀರಿನ ದಿನ ನನ್ನ ಗೆಳತಿಯ ಪಾಳಿ, ಹೀಗೆ ಹಂಚಿಕೊಂಡಿದ್ದೆವು. ಆಕೆಯ ಕೈಯಲ್ಲಿ ವಾಚು ಬಿಟ್ಟರೆ ಏನೂ ಇರಲಿಲ್ಲ. ಚಟ ಬಿಡಿಸುವ ಹೊತ್ತಿಗೆ ನನ್ನ ಬಳೆ ಒಂದೊಂದಾಗಿ ಒಡೆದು ಹೋಗಿದ್ದವು. ಇಲಿ ಕೋಣೆಯನ್ನು ಮರೆತಿತ್ತು, ಬಳೆಯನ್ನು ಮರೆತಿರಲಿಲ್ಲ.

ಸರ್ ತಲೆ ಕೆರೆದುಕೊಂಡು, "ನಿಮ್ಮ ಇಲಿ ಔಷಧಾ ಹುಡಕಲಿಲ್ಲ, ನಿಮ್ಮನ್ನ ಹುಡಕೇತಿ" ಎಂದರು. ಇಲಿ ಕಲಿತದ್ದರಲ್ಲಿ ಕೋಣೆಯ ಪಾಲೆಷ್ಟು, ಬಳೆಯ ಪಾಲೆಷ್ಟು ಎಂದು ಹೇಳುವಂತಿರಲಿಲ್ಲ, ಥೀಸಿಸ್ಸಿನ ಅರ್ಧ ಕೆಲಸ ಹಾಳಾಗಿತ್ತು. ಅದಕ್ಕೆ ಅಳಬೇಕೋ, ಕಂಡದ್ದಕ್ಕೆ ಬೆರಗಾಗಬೇಕೋ ತಿಳಿಯದೆ ನಿಂತಿದ್ದೆ. ಕಾಕು ಒಂದು ಕೈಯಿಂದ ಇನ್ನೊಂದು ಕೈಯ ಬಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಸದ್ದಾಗದಂತೆ ನಿಂತಿದ್ದಳು.

"ಅಲ್ಲಿ ಏನರ ಐತೇನ?" ಎಂದಳು.

"ಏನೂ ಇಲ್ಲ ಕಾಕು."

"ಮತ್ತ ಯಾಕ ಕೆರೀತೈತಿ?"

"ಸಿಗತೈತಿ ಅಂತ ತಿಳದೈತಿ."

ರಿಕ್ಷಾದಲ್ಲಿ ಮನೆಯ ತನಕ ಕಾಕು ಬಳೆ ಹಿಡಿದುಕೊಂಡೇ ಕೂತಿದ್ದಳು. ಮನೆಯ ಬಾಗಿಲಲ್ಲಿ ಇಳಿದ ಮೇಲೆ ಕೇಳಿದಳು. "ಹಂಗಾರ ನಾ ನಮ್ಮ ಹಿತ್ತಲಕ್ಕ ಹೋದ್ರ?" ನನಗೂ ಅದೇ ಭಯ. ಅವಳು ಟಿಳಕವಾಡಿಯಲ್ಲಿ ಮಿಶ್ರಿ ಬಿಟ್ಟಿದ್ದಳು. ಖಾನಾಪುರದಲ್ಲಿ ಬಿಟ್ಟಿರಲಿಲ್ಲ.

ಆಗ ನಾವೊಂದು ಕೆಲಸ ಮಾಡಿದೆವು. ಇಲಿ ಹೇಳಿದ ಪಾಠದ ಪ್ರಕಾರ ಹಿತ್ತಲನ್ನೇ ಬದಲಿಸುವುದು! ನಾನು ಖಾನಾಪುರಕ್ಕೆ ಹೋಗಿ ಮೇಸ್ತ್ರಿಯಂತೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಕಾಕಾ ಒಗೆಯುವ ಕಲ್ಲನ್ನು ಎಬ್ಬಿಸಿ ಬಾವಿಯ ಕಡೆ ಹಾಕಿಸಿದರು. ಹೊಗೆ ಹಿಡಿದ ಗೋಡೆಗೆ ಸುಣ್ಣ ಹೊಡೆಸಿದರು. ಡಬ್ಬಿ ಇಡುತ್ತಿದ್ದ ಗೂಡನ್ನು ಸಿಮೆಂಟು ಹಾಕಿ ಮುಚ್ಚಿಸಿದರು. ಹುರಿಯುವ ಹಂಚನ್ನು ಗುಜರಿಯವನಿಗೆ ಕೊಟ್ಟರು. "ಯಾಕ್ರೀ ಸಾವ್ಕಾರ್ರ, ಮನ್ಯಾಗ ಲಗ್ನ ಐತೇನು?" ಎಂದು ಓಣಿಯವರು ಕೇಳಿದರೆ, "ನಮ್ಮ ಮಗಳ ಇಲಿ ಹೇಳೇತ್ರಿ" ಎಂದು ಕಾಕಾ ಗಂಭೀರವಾಗಿ ಉತ್ತರಿಸುತ್ತಿದ್ದರು. ಸುಲಾಬಾಯಿಗೂ ಎಲ್ಲವನ್ನೂ ತಿಳಿಸಿ ಹೇಳಿದೆ. ಆಕೆ ಕೇಳಿಸಿಕೊಂಡು, ಇಲಿಯ ಬಗ್ಗೆ ಎರಡೆರಡು ಸಲ ಕೇಳಿ, ಒಳಗೆ ಹೋದಳು.

ಕಾಕು ಬಂದ ಮರುದಿನ ಬೆಳಿಗ್ಗೆ ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಕಾಕು ಹೊಸ ಜಾಗದಲ್ಲಿ ಕೂತು ಪೇಸ್ಟ್ ಹಚ್ಚಿ ಹಲ್ಲು ತಿಕ್ಕಿ ಮುಖ ತೊಳೆದುಕೊಂಡಳು. ಆಸೆಯ ಸುಳಿವಿಲ್ಲ. ನನಗೆ ಒಳಗೊಳಗೇ ಬಹುಮಾನ ಬಂದಂಥ ಸಂಭ್ರಮ. ಅಷ್ಟರಲ್ಲಿ ಸುಲಾಬಾಯಿ ಮೋಟುಗೋಡೆಗೆ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಬಾಯಿ ಕೈ ತೊಳೆದು, ಒರೆಸಿಕೊಳ್ಳುತ್ತ ಬಂದಿದ್ದಳು. "ಶಾಂತಾ, ಕಶೀ ಹೈಸ ಗ?" ಎಂದು, ಹೇಗಿದ್ದೀಯೇ ಎಂದು ಕೇಳಿದಳು, ಅಷ್ಟೇ.

ಕಾಕು ನಗುತ್ತ ಎದ್ದು ಗೋಡೆಯ ಕಡೆಗೆ ಹೋದಳು. ಹೋಗುತ್ತಲೇ ಅವಳ ಎಡಗೈ ಮುಂದೆ ಬಂತು. ಅಂಗೈ ತೆರೆಯಿತು. ಕಾಕು ಅದನ್ನು ತೆರೆದದ್ದಲ್ಲ. ಅವಳು ಸುಲಾಬಾಯಿಯ ಮುಖ ನೋಡಿ ಏನೋ ಹೇಳುತ್ತಿದ್ದಳು, ಕೈ ತನ್ನ ಪಾಡಿಗೆ ತಾನು ಹೋಗಿ, ಗೋಡೆಯ ಮೇಲೆ ಅಂಗೈ ಮೇಲಾಗಿ ಕಾಯುತ್ತಿತ್ತು. ಮೊದಲು ಅದನ್ನು ಕಂಡವಳು ಸುಲಾಬಾಯಿ. ಆಮೇಲೆ ಕಾಕು. ಮೂವರೂ ಆ ಬರಿಗೈಯನ್ನು ನೋಡುತ್ತ ನಿಂತೆವು. ಕಾಕು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು. ಅವತ್ತು ಇಡೀ ದಿನ ಅವಳಿಗೆ ಮಿಶ್ರಿಯೇ ಬೇಕು. ಗೂಡಿನ ಸಿಮೆಂಟನ್ನು ಚಮಚದಿಂದ ಕೆರೆದಳು, ಒಳಗೆ ಏನೂ ಇಲ್ಲವೆಂದು ಗೊತ್ತಿದ್ದೂ.

ನಾನು ಬೆಳಗಾವಿಗೆ ಮರಳಿದ ವಾರದಲ್ಲೇ ಸುಲಾಬಾಯಿ ಗೌಂಡಿಯನ್ನು ಕರೆಸಿ ಮೋಟುಗೋಡೆಯ ಮೇಲೆ ಇಟ್ಟಿಗೆ ಏರಿಸಿದಳು. ತಲೆಗಿಂತ ಎತ್ತರ. ಒಂದು ಮಾತು ಹೇಳಲಿಲ್ಲ, ಕೇಳಲಿಲ್ಲ. ಕಾಕು ಕೂಗಿದರೆ ಆಚೆಯಿಂದ ಉತ್ತರವಿಲ್ಲ. ಭಾಷೆಯ ಗದ್ದಲ ನಮ್ಮ ಕಡೆ ಬಂದು ಹೋಗುತ್ತಲೇ ಇರುತ್ತದೆ. ಆಗಲೂ ಏನೋ ನಡೆದಿತ್ತು. ಓಣಿಯವರು ಕೂಡಲೇ ಅರ್ಥ ಹಚ್ಚಿದರು. ಇವರಿಬ್ಬರ ನಡುವೆಯೂ ಕನ್ನಡ ಮರಾಠಿ ಬಂತು, ಮಗ ತಾಯಿಯ ತಲೆ ಕೆಡಿಸಿದ ಎಂದರು. ಸುಲಾಬಾಯಿಯ ಮಗ ಟೆಂಪೋ ಓಡಿಸುವವನು, ಅವನಿಗೆ ಟಯರು ಡೀಸೆಲ್ಲು ಬಿಟ್ಟರೆ ಬೇರೆ ಯಾವ ತಂಟೆಯೂ ಇರಲಿಲ್ಲ. ಆದರೂ ಕಾಕು ನಂಬಿದಳು. ನಾನೂ ನಂಬಿದೆ. "ಇಷ್ಟ ವರ್ಷ ಒಂದ ಡಬ್ಬ್ಯಾಗ ಕೈ ಹಾಕಿದಾಕಿ, ನನಗ ಗ್ವಾಡಿ ಕಟ್ಟಿದ್ಲು" ಎಂದು ಫೋನಿನಲ್ಲಿ ಅತ್ತಳು. ಆ ಸಿಟ್ಟಿನಲ್ಲಿ ಆ ಕಡೆ ಮುಖ ಹಾಕುವುದನ್ನೇ ಬಿಟ್ಟಳು. ಆ ಮನೆಯ ಮದುವೆಗೂ ಹೋಗಲಿಲ್ಲ. ಇಬ್ಬರ ಗಂಡಂದಿರು ಮಾತ್ರ, ಇರುವ ತನಕ, ಪೇಟೆಯ ಹೋಟೆಲಿನಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಿದ್ದರು.

ಕಾಕುವಿನ ಬಾಯಿಯ ಕಲೆ ವರ್ಷ ಕಳೆಯುವಷ್ಟರಲ್ಲಿ ಮಾಯವಾಯಿತು. ಮತ್ತೆ ಅವಳು ಮಿಶ್ರಿ ಮುಟ್ಟಲಿಲ್ಲ. ನಾನು ಥೀಸಿಸ್ ಹೇಗೋ ಮುಗಿಸಿ, ಪಾಠ ಹೇಳುವ ಕೆಲಸ ಹಿಡಿದು, ತರಗತಿಯಲ್ಲಿ ಹಿತ್ತಲ ರಿಪೇರಿಯ ಕಥೆಯನ್ನು ನನ್ನ ಗೆಲುವೆಂಬಂತೆ ಹೇಳಿ ಮಕ್ಕಳನ್ನು ನಗಿಸುತ್ತ ಬಂದೆ.

ವಾಚ್‌ಮನ್ನನ ಹೆಂಡತಿಯ ಹಂಚಿನ ವಾಸನೆಯೂ ಹೀಗೇ ಒಂದು ನೆನಪಾಗಿ ಹೋಗುತ್ತಿತ್ತೇನೋ. ಆದರೆ ಅದೇ ವಾರ ನಾನು ಪಾಠ ಹೇಳುವ ಕಾಲೇಜಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ನನ್ನ ಸೆರಗು ಹಿಡಿದು ಜಗ್ಗಿದರು. ಬೆಂಚಿನ ಮೇಲೆ ಒಬ್ಬ ಮುದುಕಿ, ಒಂದು ಕೆನ್ನೆ ಊದಿತ್ತು. ಪಕ್ಕದಲ್ಲಿ ಸೊಸೆ. ಗುರುತು ಹತ್ತಲಿಲ್ಲ.

"ಸುಲಾಬಾಯಿ" ಎಂದಳು.

ಕ್ಯಾನ್ಸರ್. ಮರುದಿನ ದವಡೆಯ ಆಪರೇಷನ್. ಮಾತಾಡಲು ಕಷ್ಟ, ಆದರೂ ಮೊದಲು ಕೇಳಿದ್ದು ಕಾಕುವಿನ ಬಾಯಿಯ ಬಗ್ಗೆ. ಆರಾಮಿದ್ದಾಳೆ, ಕಲೆ ಹೋಯಿತು ಎಂದೆ. ಸುಲಾಬಾಯಿ ಕಣ್ಣು ಮುಚ್ಚಿ ಕೈ ಮುಗಿದಳು. ನನಗೆ ಸ್ವಲ್ಪ ಸಿಟ್ಟೇ ಬಂತು.

"ಇಷ್ಟು ಕಾಳಜಿ ಇದ್ದಾಕಿ ಗ್ವಾಡಿ ಯಾಕ ಕಟ್ಟಿಸಿದ್ರಿ, ಮಾವಶಿ?"

"ಅವತ್ತ ಆಕೀ ಕೈ ನೀನೂ ನೋಡೀಯಲ್ಲ" ಎಂದಳು. "ನನ್ನ ಹತ್ರ ಏನೂ ಇರಲಿಲ್ಲ. ಡಬ್ಬಿ ಒಳಗಿಟ್ಟು, ಕೈ ಸುದ್ದಾ ತೊಳಕೊಂಡು ಬಂದಿದ್ನಿ. ಆದ್ರೂ ಕೈ ಬಂತು. ಆಕೀ ಮಿಶ್ರಿ ಡಬ್ಬ್ಯಾಗ ಇರಲಿಲ್ಲ ತಂಗಿ. ನಾನ ಆಕೀ ಮಿಶ್ರಿ."

ನಾನು ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ನನ್ನ ಸರ್ ಹೇಳಿದ ಮಾತನ್ನೇ ಈಕೆ ಹೇಳುತ್ತಿದ್ದಳು. ಕಲ್ಲು ಸರಿಸಿದೆವು, ಗೋಡೆಗೆ ಸುಣ್ಣ ಬಳಿದೆವು, ಗೂಡು ಮುಚ್ಚಿದೆವು. ಇಡೀ ಹಿತ್ತಲಿನಲ್ಲಿ ಸರಿಸದೇ ಬಿಟ್ಟದ್ದು ಒಂದೇ. ಸುಲಾಬಾಯಿ ತನ್ನನ್ನು ತಾನೇ ಸರಿಸಿಕೊಂಡಿದ್ದಳು.

"ಒಂದ ಮಾತು ಹೇಳಬೇಕಾಗಿತ್ತಲ್ರಿ?"

"ಹೇಳಾಕ ಗ್ವಾಡಿ ತನಕಾ ಬರಬೇಕಾಗ್ತಿತ್ತು."

"ಮಂದಿ ಏನೇನರ ಅಂದ್ರು. ಭಾಷಾದ ಜಗಳಾ ಅಂದ್ರು."

"ಅಂದ್ರು. ಆಕೀ ಸಿಟ್ಟಾದ್ಲು. ಸಿಟ್ಟಿದ್ರ ಈಕಡೆ ನೋಡೂದಿಲ್ಲ ಅಂತ ಸುಮ್ಮನ ಇದ್ನಿ."



"ನೀವು ಯಾಕ ಬಿಡಲಿಲ್ಲ ಮಾವಶಿ?"

ಸುಲಾಬಾಯಿ ಪಕ್ಕದಲ್ಲಿದ್ದ ಸೊಸೆಯನ್ನು ನೋಡಿದಳು. ಸೊಸೆ ಬಾಯಿಗೆ ಸೆರಗು ಹಿಡಿದು ಬೇರೆ ಕಡೆ ನೋಡಿದಳು. ಅವಳ ಹಲ್ಲೂ ಕರ್ರಗಿದ್ದವು. "ನಮ್ಮ ಮನ್ಯಾಗ ಎಲ್ಲಾರೂ ಹಚ್ಚೂರ" ಎಂದಳು ಸುಲಾಬಾಯಿ. "ನನಗ ಅಡ್ಡ ಯಾರ ಗ್ವಾಡಿ ಕಟ್ಟಬೇಕು?"

ಇದನ್ನು ಕಾಕುವಿಗೆ ಫೋನಿನಲ್ಲಿ ಹೇಳಲು ಆಗಲಿಲ್ಲ. ಆಪರೇಷನ್ ಆದ ಮೇಲೆ ಖಾನಾಪುರಕ್ಕೆ ಹೋದೆ. ಕಾಕು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು. ಎದ್ದು ಹಿತ್ತಲಿಗೆ ಹೋಗಿ, ಆ ಎತ್ತರದ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಇಷ್ಟು ವರ್ಷ ಅದನ್ನು ನೋಡಿ ಶಪಿಸಿದ್ದಳು. ಒಳಗೆ ಬಂದು, "ಬಸ್ ಎಷ್ಟಕ್ಕೈತಿ?" ಎಂದಳು.

ಆಸ್ಪತ್ರೆಯಲ್ಲಿ ಸುಲಾಬಾಯಿಯ ಅರ್ಧ ಮುಖಕ್ಕೆ ಬ್ಯಾಂಡೇಜು. ಮಾತಿಲ್ಲ. ಕಾಕು ಮಂಚದ ಹತ್ತಿರ ಹೋದವಳೇ ಬೈಯಲು ಸುರು ಮಾಡಿದಳು, ಅದೂ ಮರಾಠಿಯಲ್ಲಿ. ನೀನೇ ದೊಡ್ಡ ಶಾಣ್ಯಾಕಿ ಎಂದು ತಿಳಿದಿದ್ದೀಯಾ, ಯಾರು ಕೇಳಿದ್ದರು ನಿನ್ನನ್ನು, ನಿನ್ನ ಮಗನ ಮದುವೆಯ ಊಟ ನನಗೆ ತಪ್ಪಿಸಿದೆಯಲ್ಲೇ, ಎಂದು. ಬೈಯುತ್ತ ಬೈಯುತ್ತ ಅಳುತ್ತಿದ್ದಳು. ಪಕ್ಕದ ಮಂಚದವರು ನರ್ಸನ್ನು ಕರೆದರು. ಸುಲಾಬಾಯಿಯ ಕಣ್ಣು ಮಾತ್ರ ನಗುತ್ತಿದ್ದವು.

ಡಾಕ್ಟರು ಸೊಸೆಗೆ ಹೇಳುತ್ತಿದ್ದರು. ಇನ್ನೊಮ್ಮೆ ಮುಟ್ಟಿದರೆ ನಾವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಸೊಸೆ ತಲೆ ತಗ್ಗಿಸಿದಳು. ಆಗ ಕಾಕು ಕಣ್ಣು ಒರೆಸಿಕೊಂಡು, "ಆಕೀ ಆ ಮನಿಗೆ ಹೋಗೂದಿಲ್ರಿ. ನಮ್ಮ ಮನಿಗೆ ಬರ್ತಾಳು" ಎಂದಳು.

ನಾನು ಬೆಚ್ಚಿದೆ. ಕೈ ಹಿಡಿದು ಹೊರಗೆ ಕರೆದೊಯ್ದೆ. "ಬ್ಯಾಡ ಕಾಕು. ಆಕೀನ್ನ ನೋಡಿದ್ರ ನಿನಗ ಬೇಕನಸ್ತೈತಿ, ನಿನ್ನ ನೋಡಿದ್ರ ಆಕಿಗೆ. ಇಬ್ಬರೂ ಕೈ ಬಿಟ್ಟ ಹೋಗ್ತೀರಿ."

"ನಿನ್ನ ಇಲಿ ಹೇಳಿತೇನ?"

ಹೌದು ಎನ್ನಲು ಬಾಯಿ ತೆರೆದೆ. ಆದರೆ ಇಲಿ ಅದನ್ನು ಹೇಳಿರಲಿಲ್ಲ. ಆ ಪೆಟ್ಟಿಗೆಯಲ್ಲಿ ನಾನು ಯಾವತ್ತೂ ಒಂದೇ ಇಲಿಯನ್ನು ಬಿಟ್ಟಿದ್ದೆ. ಎರಡನ್ನು ಒಟ್ಟಿಗೆ ಬಿಟ್ಟರೆ ಏನಾಗುತ್ತದೆ ಎಂದು ನೋಡಲೇ ಇಲ್ಲ.

ಸುಲಾಬಾಯಿ ಈಗ ಕಾಕುವಿನ ಮನೆಯಲ್ಲಿದ್ದಾಳೆ. ನಾನೂ ರಜೆ ಹಾಕಿ ಬಂದಿದ್ದೇನೆ, ಕಾವಲಿಗೆ ಎನ್ನಿ. ಇವತ್ತು ಬೆಳಿಗ್ಗೆ ಅವರಿಬ್ಬರೂ ಸುಣ್ಣದ ಗೋಡೆಯ ಕೆಳಗೆ ಒಂದೇ ಚಾಪೆಯ ಮೇಲೆ ಕೂತಿದ್ದರು. ಕಾಕು ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಕುಡಿಸುವಾಗ ಬಲಗೈ. ಎಡಗೈ ಎಲ್ಲೂ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದೆ. ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಭಾರ ಬಿಟ್ಟು ಕೂತಿದ್ದಳು. ಕೈ ಜೋಮು ಹಿಡಿದು ಬೆರಳು ಕೆಂಪಾಗಿದ್ದವು.

"ಕಾಕು, ಇನ್ನೂ ಅನಸ್ತೈತೇನ?" ಎಂದೆ. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷವಾಗಿದೆ, ಹೋಗಿರುತ್ತದೆ ಎಂದು.

"ಒಂದ ದಿನಾನೂ ಅನಸೂದು ಬಿಟ್ಟಿಲ್ಲ ತಂಗಿ" ಎಂದಳು ಕಾಕು, ಗಂಜಿಯ ಚಮಚ ಕೆಳಗಿಡದೆ. "ಇಷ್ಟ ದಿನಾ ಒಬ್ಬಾಕೀನ ಕುಂತು ಅನಸ್ತಿತ್ತು. ಈಗ ಆಕೀ ಬಾಜು ಕುಂತು ಅನಸ್ಲಿ."